ಗುರಿಯ ಹಿಂದೆ ಏನಿದೆ?

ಮರಗಳ ನೆರಳಿನಲ್ಲಿ ಬಿಲ್ಲುವಿದ್ಯೆಗೊಂದು ಸುರಕ್ಷಿತ ಅಂಗಳ

ದ್ರೋಣಾಚಾರ್ಯರು ಮರದ ಕೊಂಬೆಯ ಮೇಲೆ ಕೃತಕ ಪಕ್ಷಿಯೊಂದನ್ನಿರಿಸಿ ಶಿಷ್ಯರನ್ನು ಪರೀಕ್ಷಿಸಿದ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಒಬ್ಬನಿಗೆ ಮರ ಕಂಡಿತು, ಮತ್ತೊಬ್ಬನಿಗೆ ಕೊಂಬೆ ಕಂಡಿತು, ಇನ್ನೊಬ್ಬನಿಗೆ ಗುರುಗಳೂ ಸಹೋದರರೂ ಕಂಡರು. ಅರ್ಜುನನಿಗೆ ಮಾತ್ರ ಹಕ್ಕಿಯ ಕಣ್ಣಲ್ಲದೆ ಬೇರೇನೂ ಕಾಣಲಿಲ್ಲ. ಏಕಾಗ್ರತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲವೆಂದು ಮನೆಯಲ್ಲಿಯೂ ಶಾಲೆಯಲ್ಲಿಯೂ ಹೇಳುತ್ತ ಬಂದಿದ್ದೇವೆ. ಆದರೆ ಆ ಕಥೆಯಲ್ಲಿ ಇನ್ನೊಂದು ಮಾತೂ ಅಡಗಿದೆ. ಅರ್ಜುನನು ನಿಶ್ಚಿಂತೆಯಿಂದ ಹಕ್ಕಿಯ ಕಣ್ಣೊಂದನ್ನೇ ನೋಡುತ್ತ ನಿಲ್ಲಬಹುದಾಗಿತ್ತು. ಏಕೆಂದರೆ ಉಳಿದುದೆಲ್ಲವನ್ನೂ ನೋಡುವ ಗುರುವೊಬ್ಬನು ಅವನ ಪಕ್ಕದಲ್ಲಿದ್ದನು.

ಹಾಗೆ ನೋಡುವವರಿಲ್ಲದೆ ಕಾಡಿನಲ್ಲಿ ಬಾಣ ಬಿಟ್ಟವರ ಗತಿಯೇನಾಯಿತೆಂಬುದನ್ನೂ ನಮ್ಮ ಪುರಾಣಗಳು ಮರೆಮಾಚಿಲ್ಲ. ಸರಯೂ ತೀರದ ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ಬಗೆದ ದಶರಥನು ಶ್ರವಣಕುಮಾರನನ್ನು ಕೊಂದನು. ಜಿಂಕೆಯೆಂದು ಬಗೆದು ಪಾಂಡುವು ಎಸೆದ ಬಾಣ ಜಿಂಕೆಯ ರೂಪದಲ್ಲಿದ್ದ ಕಿಂದಮ ಮುನಿಯನ್ನು ಕೆಡವಿತು. ಮರದ ಬುಡದಲ್ಲಿ ಒರಗಿದ್ದ ಶ್ರೀಕೃಷ್ಣನ ಪಾದ ಜರನೆಂಬ ಬೇಡನಿಗೆ ಮೃಗವಾಗಿ ಕಂಡಿತು. ದಶರಥ, ಪಾಂಡು, ಜರ ಈ ಮೂವರೂ ನುರಿತ ಬಿಲ್ಲುಗಾರರು. ಮೂವರ ಬಾಣವೂ ಗುರಿ ತಪ್ಪಲಿಲ್ಲ. ತಪ್ಪಿದ್ದು ನೋಟ. ಬಿಲ್ಲಿನ ಅನಾಹುತಗಳು ಕೈ ಬಾರದವರಿಂದ ಮಾತ್ರ ಆಗುವುವೆಂಬ ಭ್ರಮೆಯನ್ನು ಕಳೆಯಲು ಈ ಮೂರು ಕಥೆಗಳೇ ಸಾಕು. ಸುರಕ್ಷತೆಯು ಬಿಲ್ಲುಗಾರನ ಕೌಶಲದಲ್ಲಿಲ್ಲ. ಅವನು ನಿಂತ ಅಂಗಳದ ಏರ್ಪಾಟಿನಲ್ಲಿದೆ.

ಮತ್ತೆ ಚಿಗುರಿದ ಹಳೆಯ ವಿದ್ಯೆ

ಕನ್ನಡಿಗರಿಗೆ ಬಿಲ್ಲು ಹೊಸತಲ್ಲ. ನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳ ಮೇಲೆ ಹೆದೆಯೇರಿಸಿದ ವೀರರ ಚಿತ್ರಗಳುಂಟು. ಮುಂಬಯಿಯಲ್ಲಿ ಬಹುಸಂಖ್ಯೆಯಲ್ಲಿ ನೆಲೆಸಿರುವ ಬಿಲ್ಲವ ಬಾಂಧವರ ಹೆಸರನ್ನೇ ಬಿಲ್ಲಿನೊಂದಿಗೆ ಜೋಡಿಸಿ ಹೇಳುವ ವಾಡಿಕೆಯಿದೆ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಸಂಭ್ರಮ ಇಂದಿಗೂ ನಡೆಯುತ್ತದೆ. ಈಗ ಅದು ಕೋವಿಯಿಂದ.

ಜಾಗತಿಕ ಕ್ರೀಡೆಯಾಗಿ ಬಿಲ್ಲುವಿದ್ಯೆಯ ಪುನರುಜ್ಜೀವನ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಿಂದ ಎನ್ನಬಹುದು. 1920ರ ನಂತರ ಕೈಬಿಟ್ಟಿದ್ದ ಈ ಸ್ಪರ್ಧೆಯನ್ನು ಅಲ್ಲಿ ಮತ್ತೆ ಸೇರಿಸಲಾಯಿತು. ಮರುವರ್ಷ, 1973ರಲ್ಲಿ, ಭಾರತೀಯ ಬಿಲ್ಲುಗಾರಿಕೆ ಸಂಸ್ಥೆ ಹುಟ್ಟಿತು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಭಾರತದ ಬಿಲ್ಲುಗಾರರು ಮೊದಲ ಬಾರಿಗೆ ಕಣಕ್ಕಿಳಿದರು. ಮಹಾರಾಷ್ಟ್ರದ ಮಟ್ಟಿಗಂತೂ 2023 ಸ್ಮರಣೀಯ ವರ್ಷ. ಸಾತಾರದ ಅದಿತಿ ಸ್ವಾಮಿ ತನ್ನ 17ನೆಯ ವಯಸ್ಸಿನಲ್ಲಿ ಬರ್ಲಿನ್‌ನಲ್ಲಿ ವಿಶ್ವವಿಜೇತೆಯಾದಳು. ನಾಗಪುರದ ಓಜಸ್ ದೇವತಳೆ ಅದೇ ಕೂಟದಲ್ಲಿ ಪುರುಷರ ವಿಭಾಗದ ಕಿರೀಟ ಧರಿಸಿದನು. ಹುಟ್ಟಿನಿಂದಲೇ ತೋಳುಗಳಿಲ್ಲದ ಶೀತಲ್ ದೇವಿ ಕಾಲಿನಿಂದ ಬಿಲ್ಲು ಹಿಡಿದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಜೊತೆಯಾಟದ ಕಂಚು ಗೆದ್ದುದನ್ನು ಕಂಡ ಮೇಲೆ, ಬಿಲ್ಲು ಬಲಶಾಲಿಗಳ ಸೊತ್ತು ಮಾತ್ರವೆಂದು ಹೇಳುವ ಧೈರ್ಯ ಯಾರಿಗಿದ್ದೀತು?

ಮುಂಬಯಿಯ ಮಕ್ಕಳಿಗೆ ಇದರ ಆಸೆ ಹುಟ್ಟಿದರೆ ಸೋಜಿಗವಿಲ್ಲ. ಎರಡು ಕೋಣೆಗಳ ಮನೆ, ಕಾರುಗಳು ತುಂಬಿದ ಅಂಗಳ, ಕ್ರಿಕೆಟ್ಟಿಗೂ ಸಾಲದ ಮೈದಾನ: ಹೀಗಿರುವಾಗ ರಜೆಯ ದಿನ ಮರಗಳ ನೆರಳಿಗೆ ಹೋಗಿ ನಾಲ್ಕು ಬಾಣ ಬಿಟ್ಟು ಬರೋಣವೆಂಬ ಯೋಚನೆ ಯುವಕರಿಗೆ ಸಹಜವಾಗಿಯೇ ಬರುತ್ತದೆ. ಒಂದು ಬಿಲ್ಲು, ಆರು ಬಾಣ, ಒಂದು ರಟ್ಟಿನ ಪೆಟ್ಟಿಗೆ, ಬೆನ್ನಿಗೊಂದು ಮರ. ಇಷ್ಟಿದ್ದರೆ ಸಾಕೆಂದು ತೋರುತ್ತದೆ. ಆದರೆ ಸಾಲದು. ಏಕೆ ಸಾಲದೆಂಬುದನ್ನು ವಿವರವಾಗಿ ನೋಡಬೇಕು.

ಯಾವ ಕಾಡು?

ಮೊದಲ ಪ್ರಶ್ನೆ ಸ್ಥಳದ್ದು. ಮಹಾನಗರದ ಎಲ್ಲೆಯೊಳಗೆ ಕಾಡೆಂದರೆ ಬೋರಿವಲಿಯಿಂದ ಠಾಣೆಯ ಯೇವೂರಿನವರೆಗೆ ಹಬ್ಬಿದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ನೂರು ಚದರ ಕಿಲೋಮೀಟರಿಗೂ ತುಸು ಮಿಗಿಲಾದ ಈ ಹಸುರು ನೆಲದಲ್ಲಿ ವಿಹಾರ ಮತ್ತು ತುಳಸಿ ಸರೋವರಗಳಿವೆ, ಕಾನ್ಹೇರಿಯ ಗುಹೆಗಳಿವೆ, ಚಿರತೆಗಳಿವೆ, ತಲೆಮಾರುಗಳಿಂದ ಬದುಕುತ್ತಿರುವ ವಾರ್ಲಿ ಮೊದಲಾದ ಆದಿವಾಸಿಗಳ ಪಾಡಾಗಳಿವೆ. ಇಲ್ಲಿ ಬಿಲ್ಲು ಹಿಡಿದು ಹೋಗುವ ವಿಚಾರವನ್ನೇ ಮನಸ್ಸಿನಿಂದ ತೆಗೆದುಹಾಕಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಆಯುಧವೆಂಬ ಪದಕ್ಕೆ ಅರ್ಥ ಹೇಳುವಾಗ ಬಂದೂಕು, ಬಲೆ, ಉರುಲುಗಳ ಜೊತೆಗೆ ಬಿಲ್ಲುಬಾಣಗಳನ್ನೂ ಹೆಸರಿಸಿಯೇ ಸೇರಿಸಿದೆ. ಅದೇ ಕಾಯಿದೆಯ 31ನೆಯ ಕಲಮಿನಂತೆ ಲಿಖಿತ ಅನುಮತಿಯಿಲ್ಲದೆ ಆಯುಧದೊಂದಿಗೆ ಅಭಯಾರಣ್ಯವನ್ನು ಪ್ರವೇಶಿಸುವುದು ನಿಷಿದ್ಧ. 35ನೆಯ ಕಲಮು ಈ ನಿಷೇಧವನ್ನು ರಾಷ್ಟ್ರೀಯ ಉದ್ಯಾನಗಳಿಗೂ ವಿಸ್ತರಿಸುತ್ತದೆ. ಬಾಣ ಬಿಡುವುದಿರಲಿ, ಬಿಲ್ಲನ್ನು ಚೀಲದಲ್ಲಿಟ್ಟುಕೊಂಡು ಒಳಹೊಕ್ಕರೂ ಅಪರಾಧವೇ.

ಗೋರೆಗಾಂವದ ಆರೇ ಕಾಲನಿಯ ಕಥೆಯೂ ಬೇರೆಯಲ್ಲ. 1949ರಲ್ಲಿ ಹಾಲಿನ ಕಾಲನಿಯಾಗಿ ಹುಟ್ಟಿದ ಈ ಪ್ರದೇಶದ 812 ಎಕರೆ ನೆಲವನ್ನು 2021ರಲ್ಲಿ ಉದ್ಯಾನದ ಆಡಳಿತಕ್ಕೆ ಒಪ್ಪಿಸಲಾಯಿತು. ಉಳಿದ ನೆಲವೂ ನಿರ್ಜನವಲ್ಲ. ಮುಂಜಾನೆ ವಾಯುಸೇವನೆಗೆ ಬರುವವರು, ಸೌದೆ ಆಯುವ ಹೆಂಗಸರು, ಮೇಯುವ ಎಮ್ಮೆಗಳು, ಪಾಡಾದಿಂದ ಶಾಲೆಗೆ ಹೊರಟ ಮಕ್ಕಳು ಯಾವ ಗಳಿಗೆಯಲ್ಲಿ ಯಾವ ಪೊದೆಯ ಹಿಂದಿನಿಂದ ಬರುವರೆಂದು ಹೇಳಲಾಗದು. ನಗರವಾಸಿಗೆ ಕಾಡೆಂದು ತೋರುವ ನೆಲ ಮತ್ತೊಬ್ಬರ ಮನೆಯಂಗಳವಾಗಿರುತ್ತದೆ.

ಹಾಗಾದರೆ ದಾರಿಯೇನು? ಕರ್ಜತ್, ಮುರಬಾಡ್, ಶಹಾಪುರ ಕಡೆಗಳಲ್ಲಿ ಮರಗಳ ನಡುವೆ ಖಾಸಗಿ ತೋಟಗಳೂ ಬಯಲುಗಳೂ ಉಂಟು. ಅಲ್ಲಿಯೂ ಅರಣ್ಯ ಇಲಾಖೆಯ ಗಡಿ ಎಲ್ಲಿ ಮುಗಿಯುತ್ತದೆ, ಖಾಸಗಿ ನೆಲ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಸಾತ್‌ಬಾರಾ ಉತಾರದಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು. ಮಾಲಿಕನ ಬಾಯಿಮಾತಿನ ಒಪ್ಪಿಗೆ ಸಾಲದು. ಲಿಖಿತ ಒಪ್ಪಿಗೆ ಬೇಕು. ಗ್ರಾಮಪಂಚಾಯತಿಗೂ ಸಮೀಪದ ಪೊಲೀಸ್ ಠಾಣೆಗೂ ತಿಳಿಸಿಟ್ಟರೆ ಮುಂದಿನ ಕಿರುಕುಳ ತಪ್ಪುತ್ತದೆ. ನೆರೆಹೊರೆಯ ಪಾಡಾದ ಹಿರಿಯರನ್ನು ಮೊದಲೇ ಕಂಡು ಮಾತನಾಡುವುದು ಇವೆಲ್ಲಕ್ಕಿಂತ ಮುಖ್ಯ. ಯಾವ ಕಾಲುದಾರಿಯಲ್ಲಿ ಜನ ಓಡಾಡುತ್ತಾರೆ, ದನ ಯಾವ ಹೊತ್ತಿಗೆ ಮರಳುತ್ತವೆ, ಹಾವು ಎಲ್ಲಿ ಹೆಚ್ಚು ಎಂಬುದು ನಕ್ಷೆಯಲ್ಲಿರುವುದಿಲ್ಲ, ಅವರಿಗೆ ಗೊತ್ತಿರುತ್ತದೆ.

ಮರವೆಂಬ ಮೋಸಗಾರ ಗೋಡೆ

ಮರಗಳ ದಟ್ಟಣೆ ಬಾಣವನ್ನು ತಡೆಯುತ್ತದೆಂಬುದು ಸಾಮಾನ್ಯವಾದ ತಪ್ಪು ಕಲ್ಪನೆ. ವಾಸ್ತವದಲ್ಲಿ ಕಾಡು ತಡೆಗೋಡೆಯಲ್ಲ, ಪರದೆ. ಅದು ಬಾಣವನ್ನು ತಡೆಯುವ ಮೊದಲು ನೋಟವನ್ನು ತಡೆಯುತ್ತದೆ. ಬಯಲಿನಲ್ಲಿ ನೂರು ಮೀಟರ್ ದೂರದ ಮನುಷ್ಯನೂ ಕಾಣುತ್ತಾನೆ. ಪೊದೆಯ ಹಿಂದೆ ಹತ್ತು ಮೀಟರಿನಲ್ಲಿರುವವನು ಕಾಣುವುದಿಲ್ಲ. ಎಲೆಗಳ ನಡುವೆ ನುಸುಳಿ ಹೋಗುವ ಬಾಣಕ್ಕೆ ಅಂಥ ತೊಂದರೆಯಿಲ್ಲ.

ಸ್ಪರ್ಧೆಯ ಬಿಲ್ಲಿನಿಂದ ಹೊರಟ ಬಾಣ ಸೆಕೆಂಡಿಗೆ 50 ಮೀಟರಿಗೂ ಮಿಕ್ಕ ವೇಗದಲ್ಲಿ ಹೋಗುತ್ತದೆ. ಒಲಿಂಪಿಕ್ಸ್‌ನ 70 ಮೀಟರ್ ದೂರವನ್ನು ಅದು ಒಂದೂವರೆ ಸೆಕೆಂಡಿನೊಳಗೆ ಕ್ರಮಿಸುತ್ತದೆ. ಅಷ್ಟರಲ್ಲಿ ದಾರಿಹೋಕನೊಬ್ಬ ಎರಡು ಮೂರು ಹೆಜ್ಜೆ ಇಟ್ಟಿರುತ್ತಾನೆ. ಹೆದೆ ಬಿಟ್ಟಾಗ ಖಾಲಿಯಿದ್ದ ದಾರಿ ಬಾಣ ಮುಟ್ಟುವಾಗ ಖಾಲಿಯಿರಲೇಬೇಕೆಂದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಗೆ ಬಾಣ ಬಿಟ್ಟರೆ ಹೋಯಿತೆಂಬುದನ್ನೂ ಸೇರಿಸಬೇಕು.

ಮರದ ಬೊಡ್ಡೆಯನ್ನೇ ಗುರಿಯಾಗಿಸುವುದು ಇನ್ನೊಂದು ತಪ್ಪು. ಗಟ್ಟಿ ಮರಕ್ಕೆ ಓರೆಯಾಗಿ ತಾಗಿದ ಬಾಣ ಚಿಮ್ಮಿ ಬೇರೆ ದಿಕ್ಕಿಗೆ ಹಾರುತ್ತದೆ. ನೇರವಾಗಿ ತಾಗಿದ್ದು ಮುರಿಯುತ್ತದೆ, ಇಲ್ಲವೇ ಕೀಳಲಾಗದಂತೆ ನಾಟುತ್ತದೆ. ಮರಕ್ಕಾಗುವ ಗಾಯ ಬೇರೆ. ದಾರಿಯಲ್ಲಿ ಚಾಚಿದ ಬೆರಳುಗಾತ್ರದ ರೆಂಬೆಯೊಂದು ಸಾಕು, ಬಾಣದ ಪಥವನ್ನೇ ಬದಲಿಸಲು. ಮುಂಬಯಿ ಸುತ್ತಲಿನ ಹಳೆಯ ಕಲ್ಲುಗಣಿಗಳ ಬಂಡೆಗೋಡೆಗಳು ಒಳ್ಳೆಯ ತಡೆಯಾಗಬಹುದೆಂದು ತೋರೀತು. ಆದರೆ ಕಲ್ಲಿಗೆ ತಾಗಿದ ಬಾಣ ಹಿಂದಕ್ಕೂ ಸಿಡಿಯುತ್ತದೆ. ಬಾಣಕ್ಕೆ ಒಳ್ಳೆಯ ಅಂತ್ಯ ಮೆತ್ತನೆಯ ಮಣ್ಣು.

ಗುರಿಯನ್ನು ಎತ್ತರದಲ್ಲಿ ಕಟ್ಟುವುದೂ ಕೂಡದು. ದ್ರೋಣರ ಹಕ್ಕಿಯೂ ಕೊಡಗಿನ ತೆಂಗಿನಕಾಯಿಯೂ ನುರಿತವರ ಪರೀಕ್ಷೆಗೆ ಮೀಸಲು. ಕಲಿಯುವವರ ಅಂಗಳಕ್ಕೆ ಮಾದರಿಯಲ್ಲ. ಎತ್ತರದ ಗುರಿಯ ಹಿಂದೆ ಇರುವುದು ಆಕಾಶ ಮಾತ್ರ. ಆಕಾಶಕ್ಕೆ ಬಿಟ್ಟ ಬಾಣ ಎಲ್ಲಿ ಬೀಳುವುದೆಂದು ಬಿಟ್ಟವನಿಗೂ ತಿಳಿಯದು.

ಅಂಗಳದ ರಚನೆ

ಇಂಥ ಅಪಾಯಗಳನ್ನೆಲ್ಲ ಮನಗಂಡು ಒಂದು ಸಂಘದ ಯುವವಿಭಾಗವು ಇಪ್ಪತ್ತು ಮಂದಿಯ ಶಿಬಿರಕ್ಕೆ ಅಂಗಳ ಸಿದ್ಧಗೊಳಿಸುವುದೆಂದರೆ ಹೇಗೆ? ಕಾಡಿನ ಒಳಗಲ್ಲ, ಕಾಡಿನ ಅಂಚಿನಲ್ಲಿ, ಮರಗಳು ಎರಡು ಬದಿಗೆ ನೆರಳು ಕೊಡುವ ತೆರಪಿನ ಬಯಲನ್ನು ಆರಿಸಬೇಕು. ಬಯಲಿನ ಕೊನೆಗೆ ಮಣ್ಣಿನ ಏರುದಿಬ್ಬವಿದ್ದರೆ ಅದೃಷ್ಟವೆಂದೇ ತಿಳಿಯಬೇಕು. ದಿಬ್ಬದ ಹಿಂದೆ ಏನಿದೆಯೆಂದು ಒಬ್ಬರು ಖುದ್ದಾಗಿ ಹತ್ತಿ ನೋಡಿ ಬರಬೇಕು. ಎಷ್ಟೋ ವೇಳೆ ಅಲ್ಲೊಂದು ಕಾಲುದಾರಿ ಇರುತ್ತದೆ.

ದಿಕ್ಕನ್ನೂ ಗಮನಿಸಬೇಕು. ಬಿಲ್ಲುಗಾರ ಉತ್ತರಕ್ಕೆ ಮುಖ ಮಾಡಿ ನಿಲ್ಲುವಂತಿದ್ದರೆ ಬಿಸಿಲು ಕಣ್ಣಿಗೆ ಹೊಡೆಯುವುದು ಕಡಿಮೆ. ಪಶ್ಚಿಮಕ್ಕೆ ಮುಖ ಮಾಡಿದ ಅಂಗಳದಲ್ಲಿ ಸಂಜೆ ನಾಲ್ಕರ ಮೇಲೆ ಗುರಿಯ ಹಿಂದೆ ಯಾರು ನಿಂತಿದ್ದಾರೆಂಬುದೇ ಕಾಣದು.

ಹೊಸಬರಿಗೆ 10 ಮೀಟರ್ ದೂರ ಸಾಕು. ಕೈ ಕುದುರಿದ ಮೇಲೆ ಒಳಾಂಗಣ ಸ್ಪರ್ಧೆಯ ದೂರವಾದ 18 ಮೀಟರಿಗೆ ಹೋಗಬಹುದು. ಗುರಿಯನ್ನು ಹಿಂದಕ್ಕೆ ಸರಿಸುವ ಬದಲು ಬಾಣ ಬಿಡುವ ಗೆರೆಯನ್ನು ಹಿಂದಕ್ಕೆ ಎಳೆಯುವುದು ಲೇಸು. ಗುರಿ ಯಾವಾಗಲೂ ದಿಬ್ಬದ ಬುಡದಲ್ಲಿಯೇ ಉಳಿಯುತ್ತದೆ.

ಗುರಿಹಲಗೆಗೆ ಕೊಂಕಣದ ಭತ್ತದ ಹುಲ್ಲೇ ಉತ್ತಮ ಸಾಮಗ್ರಿ. ಹುಲ್ಲನ್ನು ಹಗ್ಗವಾಗಿ ಹೊಸೆದು, ಚಕ್ಕುಲಿಯಂತೆ ಸುತ್ತಿ, ಬಿಗಿಯಾಗಿ ಹೊಲಿದ ದಿಂಡು ಬಾಣವನ್ನು ಹಿಡಿಯುತ್ತದೆ, ಬಿಡಿಸಲೂ ಕೊಡುತ್ತದೆ. ಅದನ್ನು ನಿಲ್ಲಿಸುವ ಕಟ್ಟಿಗೆಯ ಕಾಲುಗಳನ್ನು ನೆಲಕ್ಕೆ ಗೂಟ ಹೊಡೆದು ಬಿಗಿಯಬೇಕು. ಗಾಳಿಗೆ ಅಥವಾ ಬಾಣ ಕೀಳುವಾಗ ಅದು ಮಕ್ಕಳ ಮೇಲೆ ಉರುಳಬಾರದು. ಸ್ಪರ್ಧೆಗಳಲ್ಲಿ ಗುರಿಯ ನಡುಬಿಂದು ನೆಲದಿಂದ 130 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ, ಹಲಗೆ 10ರಿಂದ 15 ಡಿಗ್ರಿಯಷ್ಟು ಹಿಂದಕ್ಕೆ ವಾಲಿರುತ್ತದೆ. ಈ ಕ್ರಮವನ್ನೇ ಇಲ್ಲಿಯೂ ಅನುಸರಿಸಬಹುದು. ಹಲಗೆಯ ಹಿಂದೆ, ದಿಬ್ಬದ ಮುಂದೆ, ಎರಡಾಳು ಎತ್ತರದ ದಪ್ಪ ಬಲೆಯೊಂದನ್ನು ಸಡಿಲವಾಗಿ ಇಳಿಬಿಡಬೇಕು. ಬಿಗಿದು ಕಟ್ಟಿದ ಬಲೆಯನ್ನು ಬಾಣ ತೂರಿ ಹೋಗುತ್ತದೆ. ಸಡಿಲವಾದ ಬಲೆ ಬಾಣದ ಜೊತೆಗೆ ತುಸು ಸರಿದು ಅದರ ವೇಗವನ್ನು ನುಂಗುತ್ತದೆ. ದಿಬ್ಬವಿಲ್ಲದ ಕಡೆ ಬಲೆಯೊಂದನ್ನೇ ನಂಬಿ ಅಂಗಳ ಹೂಡುವುದು ಬೇಡ.

ನೆಲದ ಮೇಲೆ ಸುಣ್ಣದಿಂದ ಎರಡು ಗೆರೆಗಳನ್ನು ಎಳೆಯಬೇಕು. ಮೊದಲನೆಯದು ಬಾಣ ಬಿಡುವ ಗೆರೆ. ಎಲ್ಲರೂ ಅದೇ ಗೆರೆಯಲ್ಲಿ ನಿಲ್ಲಬೇಕು; ಗುರಿ ಹತ್ತಿರ ಬೇಕೆಂದು ಒಬ್ಬ ಬಾಲಕನನ್ನು ಎರಡು ಹೆಜ್ಜೆ ಮುಂದೆ ನಿಲ್ಲಿಸುವ ಕರುಣೆ ಅತ್ಯಂತ ಅಪಾಯಕರ. ಅದಕ್ಕೆ 5 ಮೀಟರ್ ಹಿಂದೆ ಕಾಯುವ ಗೆರೆ. ಸರದಿಯಿಲ್ಲದವರೂ ಪಾಲಕರೂ ಇದರ ಹಿಂದೆಯೇ ಇರಬೇಕು. ಅಂಗಳದ ಎರಡು ಬದಿಗೂ ಹಗ್ಗ ಕಟ್ಟಿ ಕೆಂಪು ಬಾವುಟಗಳನ್ನು ತೂಗಬೇಕು. ಕಾಲುದಾರಿ ಕೂಡುವ ಕಡೆ ಮರಾಠಿಯಲ್ಲಿ ಸೂಚನಾಫಲಕ ಬೇಕು. ಕನ್ನಡದಲ್ಲಿ ಬರೆದ ಎಚ್ಚರಿಕೆ ಶಿಬಿರದವರಿಗೆ ಅಭಿಮಾನ ತಂದೀತು, ದಾರಿಹೋಕನ ಜೀವ ಉಳಿಸಲಾರದು. ಓದುಬಾರದವರೂ ಬರುವ ದಾರಿಯಾದರೆ ಫಲಕದ ಬದಲು ಒಬ್ಬ ಸ್ವಯಂಸೇವಕನನ್ನೇ ಅಲ್ಲಿ ನಿಲ್ಲಿಸಬೇಕು.

ನಿಜವಾಗಿಯೂ ಕಾಡಿನೊಳಗೇ ನಡೆಯುವ ಬಿಲ್ಲುಗಾರಿಕೆಯೊಂದು ಪರದೇಶಗಳಲ್ಲಿದೆ. ಅದರ ಮೊದಲ ವಿಶ್ವಸ್ಪರ್ಧೆ 1969ರಲ್ಲಿ ಅಮೆರಿಕದ ವ್ಯಾಲಿ ಫೋರ್ಜ್‌ನಲ್ಲಿ ಜರುಗಿತು. ಕಾಡಿನ ಹಾದಿಯುದ್ದಕ್ಕೂ 24 ಗುರಿಗಳು. ಬಿಲ್ಲುಗಾರರು ಮೂವರು ನಾಲ್ವರ ಗುಂಪುಗಳಾಗಿ ಒಂದೇ ದಿಕ್ಕಿಗೆ ನಡೆಯುತ್ತ ಒಂದೊಂದಕ್ಕೂ ಬಾಣ ಬಿಡುತ್ತಾರೆ. ಯಾವ ಗುರಿಯ ಹಿಂದೆಯೂ ಮತ್ತೊಂದು ಗುಂಪಿನ ಹಾದಿ ಬಾರದಂತೆ ಆ ಪಥವನ್ನು ರಚಿಸಿರುತ್ತಾರೆ. ಅಷ್ಟು ನೆಲವೂ ಅಷ್ಟು ಅನುಭವವೂ ಇಲ್ಲದ ಕಡೆ ಅದನ್ನು ಅನುಕರಿಸಹೋಗದಿರುವುದೇ ವಿವೇಕ.

ಸೀಟಿ, ಬೀಗದ ಕೈ ಮತ್ತು ಲೆಕ್ಕ

ಅಂಗಳ ಎಷ್ಟೇ ಚೆನ್ನಾಗಿದ್ದರೂ ಶಿಸ್ತಿಲ್ಲದಿದ್ದರೆ ವ್ಯರ್ಥ. ಜಗತ್ತಿನೆಲ್ಲೆಡೆ ಬಿಲ್ಲುಗಾರರು ಒಪ್ಪಿಕೊಂಡ ಸೀಟಿಯ ಭಾಷೆಯೊಂದಿದೆ. ಎರಡು ಸೀಟಿಗೆ ಗೆರೆಗೆ ಬರುವುದು, ಒಂದು ಸೀಟಿಗೆ ಬಾಣ ಹೂಡುವುದು, ಮೂರು ಸೀಟಿಗೆ ಬಾಣ ತರಲು ಹೋಗುವುದು. ಸೀಟಿ ಐದು ಬಾರಿಯೋ ಅದಕ್ಕೂ ಹೆಚ್ಚೋ ಬಿಡದೆ ಕೇಳಿಸಿತೆಂದರೆ ಸೆಳೆದ ಹೆದೆಯನ್ನು ಮೆಲ್ಲನೆ ಇಳಿಸಿ, ಬಾಣವನ್ನು ಬತ್ತಳಿಕೆಗೆ ಹಾಕಬೇಕು. ಕಾರಣವನ್ನು ಆಮೇಲೆ ಕೇಳಬಹುದು. ಎಮ್ಮೆಯೊಂದು ಹಗ್ಗ ದಾಟಿ ಬಂದರೂ ಇದೇ ನಿಯಮ, ಮಗುವಿನ ಚೆಂಡು ಉರುಳಿ ಬಂದರೂ ಇದೇ ನಿಯಮ. ಆಪತ್ತಿನ ಸೀಟಿಯನ್ನು ಮುಖ್ಯಸ್ಥನಷ್ಟೇ ಅಲ್ಲ, ಅಪಾಯ ಕಂಡ ಯಾರೂ ಊದಬಹುದು.

ಬ್ಯಾಂಕಿನ ಭದ್ರಕೊಠಡಿಗೆ ಎರಡು ಬೀಗದ ಕೈಗಳಿರುತ್ತವೆ. ಅವು ಇಬ್ಬರು ಅಧಿಕಾರಿಗಳ ವಶದಲ್ಲಿರುತ್ತವೆ. ಯಾರಲ್ಲಿಯೂ ಅವಿಶ್ವಾಸವಿದೆಯೆಂದಲ್ಲ, ಒಬ್ಬನ ಮರೆವಿಗೆ ಇನ್ನೊಬ್ಬನ ಎಚ್ಚರ ಕಾವಲೆಂದು. ಬಿಲ್ಲಿನ ಅಂಗಳಕ್ಕೂ ಇದೇ ಪದ್ಧತಿ ಸಲ್ಲುತ್ತದೆ. ತರಬೇತುದಾರ ಬಿಲ್ಲುಗಾರರ ಕೈಯನ್ನು ನೋಡುತ್ತಿರುತ್ತಾನೆ. ಗುರಿಯ ಹಿಂದಿನ ನೆಲವನ್ನಷ್ಟೇ ನೋಡುವ ಎರಡನೆಯ ವ್ಯಕ್ತಿಯೊಬ್ಬ ಬೇಕು. ಅವರಿಬ್ಬರೂ ಕೈಯೆತ್ತಿ ಒಪ್ಪಿದ ಮೇಲೆಯೇ ಮೊದಲ ಬಾಣ. ಇಬ್ಬರಲ್ಲಿ ಒಬ್ಬರು ಚಹಾಕ್ಕೆ ಹೋದರೂ ಬಿಲ್ಲುಗಳೆಲ್ಲ ಕೆಳಗೆ.

ಬಾಣ ತರುವಾಗ ಓಡಕೂಡದು. ನೆಲದಲ್ಲಿ ಓರೆಯಾಗಿ ನಾಟಿದ ಬಾಣದ ಹಿಂತುದಿ ಕಣ್ಣಿಗೂ ಮೊಣಕಾಲಿಗೂ ಈಟಿಯಂತೆ. ಬಾಣ ಕೀಳುವವನ ಬೆನ್ನ ಹಿಂದೆ ಯಾರೂ ನಿಲ್ಲಬಾರದು. ಹಲಗೆಯ ಹಿಂದೆ ಬಾಣ ಹುಡುಕಲು ಹೋದರೆ ಒಬ್ಬರು ಹಲಗೆಯ ಮುಂದೆಯೇ ನಿಂತಿರಬೇಕು. ಹುಡುಕುವವನು ಕಾಣದಿದ್ದರೂ ನಿಂತವರು ಕಾಣುತ್ತಾರೆ.

ದಿನದ ಕೊನೆಗೆ ಲೆಕ್ಕ. ಹೊರಗೆ ಹೋದ ಬಾಣಗಳೆಷ್ಟು, ಒಳಗೆ ಬಂದವೆಷ್ಟು? ನಗದು ಲೆಕ್ಕ ಹೊಂದದೆ ಖಜಾಂಚಿ ಮನೆಗೆ ಹೋಗುವುದಿಲ್ಲ; ಬಾಣದ ಲೆಕ್ಕ ಹೊಂದದೆ ಶಿಬಿರವೂ ಮುಗಿಯಬಾರದು. ಹುಲ್ಲಿನಲ್ಲಿ ಉಳಿದ ಒಂದು ಬಾಣ ಮರುದಿನ ಬರಿಗಾಲಿನ ಬಾಲಕನಿಗೋ ಮೇಯುವ ಹಸುವಿಗೋ ಕಾದಿರುತ್ತದೆ.

ದೇಹಕ್ಕೆ ಲಾಭ, ದೇಹಕ್ಕೆ ಎಚ್ಚರ

ದಿನವಿಡೀ ಮೇಜಿನ ಮೇಲೆ ಬಾಗಿ, ಬೆಳಗು ಸಂಜೆ ಲೋಕಲ್ ಗಾಡಿಯಲ್ಲಿ ತೂಗಾಡುವ ಮುಂಬಯಿಯ ಮಧ್ಯಮವರ್ಗದವರಿಗೆ ಬಿಲ್ಲು ಒಳ್ಳೆಯ ವ್ಯಾಯಾಮ. ಹೆದೆ ಸೆಳೆಯುವಾಗ ದುಡಿಯುವುದು ತೋಳಿಗಿಂತ ಹೆಚ್ಚಾಗಿ ಹೆಗಲ ಮೂಳೆಗಳ ನಡುವಿನ ಸ್ನಾಯುಗಳು; ಕುಳಿತು ಕುಳಿತು ಸೋತಿರುವ ಭಾಗವೂ ಅದೇ. ಸ್ಪರ್ಧೆಯ ಒಂದು ಸುತ್ತಿನಲ್ಲಿ 72 ಬಾಣಗಳು. 9 ಕಿಲೋಗ್ರಾಂ ಸೆಳೆತದ ಹಗುರ ಬಿಲ್ಲಿನಲ್ಲಿಯೂ 72 ಬಾರಿ ಸೆಳೆದರೆ ಒಟ್ಟು 648 ಕಿಲೋಗ್ರಾಂ. ಆರಾರು ಬಾಣಗಳಿಗೊಮ್ಮೆ 70 ಮೀಟರ್ ಹೋಗಿ ಬರುವ ನಡಿಗೆಯನ್ನು ಕೂಡಿದರೆ ಒಂದೂವರೆ ಕಿಲೋಮೀಟರಿಗೂ ಮಿಗಿಲು.

ಲಾಭದ ಈ ಲೆಕ್ಕವೇ ಎಚ್ಚರಿಕೆಯ ಲೆಕ್ಕವೂ ಹೌದು. ಭಾರದ ಬಿಲ್ಲು ಹಿಡಿಯುವ ಹುಮ್ಮಸ್ಸು ಭುಜದ ಕೀಲಿಗೆ ಮುಳುವು. ಆರಂಭಕ್ಕೆ ಮಕ್ಕಳಿಗೆ 10ರಿಂದ 15 ಪೌಂಡು, ದೊಡ್ಡವರಿಗೆ 20 ಪೌಂಡಿನ ಆಸುಪಾಸಿನ ಸೆಳೆತ ಸಾಕು. ಮೊದಲು ಹತ್ತು ನಿಮಿಷ ಭುಜ ತಿರುಗಿಸುವ, ಕತ್ತು ಸಡಿಲಿಸುವ ವ್ಯಾಯಾಮ ಮಾಡಬೇಕು. ಉಸಿರನ್ನು ಬಹಳ ಹೊತ್ತು ಬಿಗಿಹಿಡಿದರೆ ರಕ್ತದೊತ್ತಡ ಏರುತ್ತದೆ. ಹೃದ್ರೋಗಿಗಳೂ ರಕ್ತದೊತ್ತಡವುಳ್ಳವರೂ ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಮುಂದೋಳಿಗೆ ಚರ್ಮದ ಕಾಪು, ಬೆರಳುಗಳಿಗೆ ಕಾಪು, ಕಾಲಿಗೆ ಮುಚ್ಚಿದ ಪಾದರಕ್ಷೆ ಕಡ್ಡಾಯ. ಉದ್ದಕೂದಲನ್ನು ಕಟ್ಟಿಕೊಳ್ಳಬೇಕು, ಕತ್ತಿನ ಸರವನ್ನು ತೆಗೆದಿಡಬೇಕು. ಬಾಣವಿಲ್ಲದೆ ಹೆದೆಯನ್ನು ಸೆಳೆದು ಬಿಡುವ ಆಟ ಬೇಡ. ಆ ಶಕ್ತಿಯೆಲ್ಲ ಬಿಲ್ಲಿನ ಮೇಲೆಯೇ ತಿರುಗಿ ಬಿಲ್ಲೇ ಸೀಳಬಹುದು. ಕಾರ್ಬನ್ ಬಾಣಗಳನ್ನು ಪ್ರತಿ ಬಾರಿಯೂ ಮೆಲ್ಲನೆ ಬಾಗಿಸಿ ಕಿವಿಗೊಡಬೇಕು. ಚಿಟಿಚಿಟಿ ಸದ್ದು ಕೇಳಿದರೆ ಬಾಣ ಬಿರಿದಿದೆಯೆಂದರ್ಥ. ಬಿರಿದ ಬಾಣ ಹೊರಡುವಾಗಲೇ ಒಡೆದು ಬಿಲ್ಲು ಹಿಡಿದ ಕೈಯನ್ನೇ ಹೊಕ್ಕೀತು.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮುಂಬಯಿಯ ಮಳೆ ಅಂಗಳಕ್ಕೆ ರಜೆ ಕೊಡಿಸುತ್ತದೆ, ಅದು ಒಳ್ಳೆಯದೇ. ಮಳೆ ನಿಂತ ಮೇಲೂ ಹುಲ್ಲು ಕತ್ತರಿಸಿ, ಕೋಲಿನಿಂದ ಬಡಿದು, ಆಮೇಲೆ ಕಾಲಿಡಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳು ಈ ಸೀಮೆಯಲ್ಲಿವೆ. ಕಡಿದರೆ ಗಾಯವನ್ನು ಕೊಯ್ಯುವುದಾಗಲಿ ಹೀರುವುದಾಗಲಿ ಬಿಗಿಯಾಗಿ ಕಟ್ಟುವುದಾಗಲಿ ಕೂಡದು. ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ. ಕೊಚ್ಚೆನೀರಿನಲ್ಲಿ ನಡೆದು ಜ್ವರ ಬಂದರೆ ಇಲಿಜ್ವರದ ಶಂಕೆಯಿಂದ ವೈದ್ಯರನ್ನು ಕಾಣಬೇಕು. ಚಿರತೆಗಳ ಓಡಾಟದ ಹೊತ್ತು ಮುಸ್ಸಂಜೆ ಮತ್ತು ನಸುಕು. ಆದ್ದರಿಂದ ಬಿಸಿಲಿರುವಾಗಲೇ ಅಂಗಳ ಮುಚ್ಚಬೇಕು.

ಅನಾಹುತವಾದರೆ

2020ರ ಜನವರಿಯಲ್ಲಿ ಅಸ್ಸಾಮಿನ ಛಾಬುವಾದಲ್ಲಿ ಅಭ್ಯಾಸದ ವೇಳೆ 12 ವರ್ಷದ ಬಾಲಕಿಯೊಬ್ಬಳ ಭುಜದ ಬಳಿ ಬಾಣ ಹೊಕ್ಕಿತು. ಅವಳನ್ನು ವಿಮಾನದಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಗೆ ಸಾಗಿಸಿ ಶಸ್ತ್ರಚಿಕಿತ್ಸೆಯಿಂದ ಅದನ್ನು ಹೊರತೆಗೆಯಲಾಯಿತು. ಈ ಘಟನೆಯಲ್ಲಿ ಎರಡು ಪಾಠಗಳಿವೆ. ಆಟಗಾರರು ನಿತ್ಯ ಅಭ್ಯಾಸ ಮಾಡುವ ಕಡೆಯೂ ಅನಾಹುತ ನಡೆಯಬಹುದೆಂಬುದು ಮೊದಲನೆಯದು. ದೇಹದೊಳಗಿನ ಬಾಣವನ್ನು ಶಸ್ತ್ರಚಿಕಿತ್ಸಕರೇ ತೆಗೆಯಬೇಕೆಂಬುದು ಎರಡನೆಯದು. ನಾಟಿದ ಬಾಣವೇ ಕತ್ತರಿಸಿದ ರಕ್ತನಾಳಕ್ಕೆ ಬಿರಡೆಯಾಗಿರುತ್ತದೆ. ಗಾಬರಿಯಿಂದ ಕಿತ್ತರೆ ರಕ್ತ ಚಿಮ್ಮುತ್ತದೆ. ಬಾಣವನ್ನು ಅಲುಗಾಡದಂತೆ ಸುತ್ತಲೂ ಬಟ್ಟೆಯ ಸುರುಳಿಗಳನ್ನಿಟ್ಟು ಕಟ್ಟಿ, ಗಾಯದ ಅಂಚನ್ನು ಒತ್ತಿಹಿಡಿದು, 108ಕ್ಕೆ ಕರೆ ಕಳುಹಿಸಬೇಕು. ಕುಡಿಯಲು, ತಿನ್ನಲು ಏನನ್ನೂ ಕೊಡಬಾರದು. ಸಣ್ಣ ಗೀರಿಗೂ ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರವನ್ನು ವೈದ್ಯರಲ್ಲಿ ಕೇಳಬೇಕು. ಅಂಗಳದಿಂದ ಅತಿ ಸಮೀಪದ, ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆ ಯಾವುದು, ಅಲ್ಲಿಗೆ ಎಷ್ಟು ಹೊತ್ತಿನ ದಾರಿ, ಮೊಬೈಲಿಗೆ ಸಂಪರ್ಕ ಸಿಗುವ ತಾಣ ಎಲ್ಲಿ ಎಂಬುದನ್ನು ಶಿಬಿರದ ಹಿಂದಿನ ದಿನವೇ ಕಾಗದದ ಮೇಲೆ ಬರೆದು ಎಲ್ಲರಿಗೂ ಕಾಣುವಂತೆ ಅಂಟಿಸಬೇಕು.

ಇಷ್ಟೆಲ್ಲ ನಿಯಮಗಳನ್ನು ಕೇಳಿ, ಇದಕ್ಕಿಂತ ಕೇರಂ ಆಡುವುದೇ ವಾಸಿಯೆಂದು ಯಾರಾದರೂ ನಗಬಹುದು. ಆದರೆ ನಿಯಮಗಳು ಒಮ್ಮೆ ರೂಢಿಯಾದರೆ ಭಾರವೆನಿಸುವುದಿಲ್ಲ. ಕಲಿಯುವ ಬಾಲಕಿಯ ಕಣ್ಣು ಹಳದಿಯ ನಡುಬಿಂದುವನ್ನಷ್ಟೇ ಕಾಣಲಿ. ಆ ಸುಖ ಅವಳ ಹಕ್ಕು. ಆ ಸುಖವನ್ನು ಅವಳಿಗೆ ಕೊಡುವ ಹೊಣೆ ಹಿರಿಯರದು. ಬಯಲಿನ ಅಂಚಿನಲ್ಲಿ, ಸೀಟಿಯನ್ನು ತುಟಿಗಿಟ್ಟುಕೊಂಡು, ಗುರಿಯ ಹಿಂದಿನ ಕಾಲುದಾರಿಯನ್ನು ನೋಡುತ್ತ ನಿಂತವನಿಗೆ ಪದಕವಿಲ್ಲ, ಚಪ್ಪಾಳೆಯಿಲ್ಲ. ಸಂಜೆ ಎಲ್ಲ ಮಕ್ಕಳೂ ಎಣಿಕೆಗೆ ಸಿಕ್ಕು, ಎಲ್ಲ ಬಾಣಗಳೂ ಎಣಿಕೆಗೆ ಸಿಕ್ಕು, ಪಾಡಾದ ಹುಡುಗರು ಅದೇ ದಾರಿಯಲ್ಲಿ ಹಾಡುತ್ತ ಮನೆಗೆ ಹೋದರೆ ಅವನ ಕೆಲಸ ಸಾರ್ಥಕವಾದಂತೆ.